ಕಾರಿಮಂಗಲದಿಂದ ಬಂದ ಮೂರನೆಯ ಮೇಲ್

ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ನಾನು ಅರ್ಧದಲ್ಲೇ ಎದ್ದು ಹೋಗುತ್ತಿದ್ದವಳು. ಸೇಲಂನ ನಮ್ಮ ಬೀದಿಯಲ್ಲಿ ಮನೆಮನೆಗೂ ಮಗ್ಗ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತ ಅತ್ತೆ, ದೊಡ್ಡಮ್ಮಂದಿರು, ಸತ್ತವರು ಬಂದು ಲಾಳಿ ಎಸೆದ ಕತೆ, ಬಾವಿಯೊಳಗಿಂದ ಯಾರೋ ಹೆಸರು ಹಿಡಿದು ಕೂಗಿದ ಕತೆ ಹೇಳುತ್ತಿದ್ದರೆ ನನಗೆ ನಗು ಬರುತ್ತಿತ್ತು. ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದ ಮೇಲಂತೂ ನನ್ನ ಧಿಮಾಕು ಇನ್ನೂ ಹೆಚ್ಚಾಯಿತು. ಯಂತ್ರ ತಪ್ಪು ಮಾಡಿದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಹುಡುಕುವ ತಾಳ್ಮೆ ನಮಗಿರಬೇಕು ಅಷ್ಟೆ ಎಂದು ನಂಬಿದ್ದೆ. ಈಗಲೂ ಹಾಗೇ ನಂಬುತ್ತೇನೆ, ಒಂದು ಶನಿವಾರವನ್ನು ಬಿಟ್ಟು.

ಮೊದಲೇ ಒಂದು ಮಾತು ಹೇಳಿಬಿಡಬೇಕು. ನಾನು ಓದಿದ್ದೆಲ್ಲ ತಮಿಳಿನಲ್ಲಿ. ಕನ್ನಡ ನಮಗೆ ಮನೆಯೊಳಗೆ ಆಡುವ ಭಾಷೆ, ಬರೆಯುವ ಭಾಷೆ ಅಲ್ಲ. ನಾನು ಅಕ್ಷರ ಕಲಿತದ್ದು ಮದುವೆಯಾಗಿ ಮೈಸೂರಿಗೆ ಬಂದ ಮೇಲೆ. ಅದಕ್ಕೆ ಮುಂಚೆ ಕನ್ನಡದಲ್ಲಿ ನಾನು ಏನನ್ನಾದರೂ ಬರೆದದ್ದು ಒಂದೇ ಒಂದು ಸಲ, ಅದೂ ಇಂಗ್ಲಿಷ್ ಅಕ್ಷರಗಳಲ್ಲಿ. ಆ ಒಂದು ಸಾಲಿನ ಕತೆ ಇದು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಮಾವಿನ ಹಣ್ಣಿನ ತಿರುಳನ್ನು ಡಬ್ಬಿಗೆ ತುಂಬಿ ಹೊರದೇಶಗಳಿಗೆ ಕಳಿಸುವ ಕಂಪನಿಯೊಂದರಲ್ಲಿ ನನಗೆ ಕೆಲಸ. ಹೆಡ್ ಆಫೀಸು ಸೇಲಂನಲ್ಲಿ, ಫ್ಯಾಕ್ಟರಿ ಧರ್ಮಪುರಿಯ ಆಚೆ ಕಾರಿಮಂಗಲದ ಹೊರಗೆ, ತೋಟಗಳ ನಡುವೆ. ಫ್ಯಾಕ್ಟರಿಗೂ ಆಫೀಸಿಗೂ ದಿನವಿಡೀ ಫ್ಯಾಕ್ಸು, ಎಸ್‌ಟಿಡಿ ಕರೆ. ಅದರ ಬಿಲ್ಲು ನೋಡಿ ಬೇಸತ್ತ ಮುದಲಾಳಿ, ಅಂದರೆ ಕಂಪನಿಯ ಯಜಮಾನರು, ಒಂದು ದಿನ ನನ್ನನ್ನು ಕರೆದು, "ಇ-ಮೇಲ್ ಅಂತಾರಲ್ಲ, ಅದನ್ನ ಎರಡೂ ಕಡೆ ಮಾಡಿಬಿಡಮ್ಮಾ" ಎಂದು ತಮಿಳಿನಲ್ಲಿ ಹೇಳಿದರು. ನನಗೆ ತುಂಬ ಹಿಗ್ಗಾಯಿತು.

ಕೆಲಸ ಹೇಳಲು ಸುಲಭ. ಫ್ಯಾಕ್ಟರಿಯ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ಅದನ್ನೊಂದು ಪುಟ್ಟ ಅಂಚೆ ಕಚೇರಿ ಮಾಡುವುದು. ಅಲ್ಲಿ ಬರೆದ ಮೇಲ್‌ಗಳು ಅದರೊಳಗೆ ಸಾಲಿನಲ್ಲಿ ಕಾಯುತ್ತವೆ. ಆಗಾಗ ಅದು ಮೋಡೆಮ್ಮಿನಿಂದ ಸೇಲಂನ ಕಂಪ್ಯೂಟರಿಗೆ ತಾನೇ ಫೋನ್ ಮಾಡಿ, ತನ್ನಲ್ಲಿರುವುದನ್ನು ಅಲ್ಲಿಗೆ ಕೊಟ್ಟು, ಅಲ್ಲಿರುವುದನ್ನು ತಾನು ತೆಗೆದುಕೊಳ್ಳುತ್ತದೆ. ಆದರೆ ಮೇಲ್ ಕಳಿಸುವ ಆ ತಂತ್ರಾಂಶದ ಸೆಟ್ಟಿಂಗ್ ಫೈಲು ಇದೆಯಲ್ಲ, ಕೋಳಿ ತಿಪ್ಪೆ ಕೆದರಿದ ಹಾಗೆ, ಎಲ್ಲಿ ನೋಡಿದರೂ ಚುಕ್ಕಿ, ಡಾಲರು, ಆವರಣ. ಒಂದು ಚಿಹ್ನೆ ಆಚೀಚೆಯಾದರೆ ಮೇಲ್ ಹೋಗುವುದಿಲ್ಲ. ವಾರಗಟ್ಟಲೆ ಒದ್ದಾಡಿದೆ.

ಕಂಪ್ಯೂಟರ್ ಇಟ್ಟ ಕೋಣೆಯ ಬಗ್ಗೆ ಹೇಳಬೇಕು. ಫ್ಯಾಕ್ಟರಿಯಲ್ಲಿ ಇಲಿಗಳ ಕಾಟ. ಎರಡು ಸಲ ಕೇಬಲ್ ಕಡಿದು ಹಾಕಿದ್ದವು. ಹಿಂಭಾಗದ ಜಗಲಿಯ ಕೊನೆಗೆ ಒಂದು ಹಳೆಯ ಚಿಕ್ಕ ಕೋಲ್ಡ್ ರೂಮು ಬಳಕೆ ಇಲ್ಲದೆ ಬಿದ್ದಿತ್ತು. ಇಲಿ ಬರದು, ಧೂಳು ಬರದು ಎಂದು ಮುದಲಾಳಿ ಅದನ್ನೇ ಕಂಪ್ಯೂಟರ್ ರೂಮು ಮಾಡಿಸಿದರು. ಗೋಡೆಗೆ ಮೊಳದಷ್ಟು ದಪ್ಪ ಥರ್ಮೋಕೋಲು, ಅದರ ಮೇಲೆ ತಗಡು. ಕಿಟಕಿ ಇಲ್ಲ. ಬಾಗಿಲು ಫ್ರಿಜ್ಜಿನ ಬಾಗಿಲ ಹಾಗೆ ಸುತ್ತ ರಬ್ಬರಿನದು, ಹೊರಗಿನಿಂದ ದೊಡ್ಡ ಕಬ್ಬಿಣದ ಹಿಡಿ. ಒಳಗಿನಿಂದ ತೆರೆಯಲು ಇದ್ದ ತಳ್ಳುಗೋಲು ಎಂದೋ ಮುರಿದು ಹೋಗಿತ್ತು. ಅದಕ್ಕೇ ನಾನು ಒಳಗೆ ಹೋದಾಗಲೆಲ್ಲ ಬಾಗಿಲಿಗೆ ಒಂದು ಇಟ್ಟಿಗೆ ಅಡ್ಡ ಇಡುತ್ತಿದ್ದೆ.

ಆ ಶನಿವಾರ ಬೆಳಗಿನ ಮೊದಲ ಬಸ್ಸಿಗೆ ಸೇಲಂ ಬಿಟ್ಟು ಬಂದೆ. ಮಾವಿನ ಕಾಲ ಮುಗಿದು ತಿಂಗಳುಗಳಾಗಿದ್ದವು. ಫ್ಯಾಕ್ಟರಿಯಲ್ಲಿ ವಾಚ್‌ಮನ್ ಮಾದಣ್ಣನ ಹೊರತು ಯಾರೂ ಇರಲಿಲ್ಲ. ಮಾದಣ್ಣ ಮಾರಂಡಹಳ್ಳಿ ಕಡೆಯ ಬೇಸಾಯದ ಮನೆಯವನು, ನಮ್ಮ ಹಾಗೆ ಕನ್ನಡ ಆಡುವವನು. ಭಾನುವಾರ ಹೇಗೂ ರಜೆ, ಸೋಮವಾರವೂ ಏನೋ ಸರಕಾರಿ ರಜೆ. ಕೆಲಸ ಮುಗಿಸಿ ಮಾರಂಡಹಳ್ಳಿಯ ಚಿಕ್ಕಮ್ಮನ ಮನೆಯಲ್ಲಿ ಎರಡು ದಿನ ಇದ್ದು ಬರುತ್ತೇನೆ ಎಂದು ಮನೆಯಲ್ಲಿ ಹೇಳಿದ್ದೆ. ಚಿಕ್ಕಮ್ಮನಿಗೆ ಮಾತ್ರ ನಾನು ಬರುವುದು ಗೊತ್ತಿರಲಿಲ್ಲ.

ಬೆಳಿಗ್ಗೆ ಹತ್ತರ ಹೊತ್ತಿಗೆ ಎಲ್ಲವೂ ಸರಿಹೋಯಿತು. 'ಟೆಸ್ಟ್' ಎಂದು ಒಂದು ಮೇಲ್ ಕಳಿಸಿದೆ. ಮೋಡೆಮ್ ಕಿರುಚಿ, ಗೊರಗೊರ ಎಂದು, ಸುಮ್ಮನಾಯಿತು. ಹೋಯಿತು! ಖುಷಿಯಲ್ಲಿ 'ಟೆಸ್ಟ್ ಎರಡು' ಎಂದು ಇನ್ನೊಂದು ಕಳಿಸಿದೆ. ಅದೂ ಹೋಯಿತು. ಸೇಲಂನಲ್ಲಿ ಅದನ್ನು ನೋಡಬೇಕಾದವರು ರಾಮಲಿಂಗಣ್ಣ, ಆಫೀಸಿನ ಲೆಕ್ಕದ ಗುಮಾಸ್ತರು. ಐವತ್ತು ದಾಟಿದವರು, ನಮ್ಮ ನೇಕಾರರ ಪೈಕಿಯೇ. ಇಡೀ ಆಫೀಸಿನಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ಮೇಲ್ ತೆರೆಯುವುದನ್ನು ನಾನೇ ಅವರಿಗೆ ಹೇಳಿಕೊಟ್ಟಿದ್ದೆ. ಕೀಬೋರ್ಡನ್ನು ಒಂದೇ ಬೆರಳಿನಲ್ಲಿ, ಬಿಸಿ ದೋಸೆಕಲ್ಲು ಮುಟ್ಟಿ ನೋಡುವ ಹಾಗೆ ಮುಟ್ಟುತ್ತಿದ್ದರು.

ಮೇಲ್ ಸೇರಿತೇ ಎಂದು ಕೇಳೋಣವೆಂದು ಮುಂದಿನ ಕೋಣೆಗೆ ಹೋಗಿ ಫೋನ್ ಎತ್ತಿದರೆ ಲೈನು ಸತ್ತಿತ್ತು. ರಸ್ತೆಯಲ್ಲಿ ಯಾರೋ ಅಗೆಯುತ್ತಿದ್ದರು, ಕೇಬಲ್ ಕಡಿದಿರಬೇಕು. ಇರಲಿ, ಮತ್ತೆ ಬರಬಹುದು ಎಂದು ಕಾದೆ. ಮಧ್ಯಾಹ್ನವಾದರೂ ಬರಲಿಲ್ಲ.

ಒಂದು ಗಂಟೆಗೆ ಮಾದಣ್ಣನೂ ನಾನೂ ಗೇಟಿನ ಹತ್ತಿರದ ಹುಣಸೆಮರದ ಕೆಳಗೆ ಊಟಕ್ಕೆ ಕೂತೆವು. ಅವನದು ರಾಗಿಮುದ್ದೆ, ಹುರುಳಿ ಸಾರು. ನನ್ನದು ಅಮ್ಮ ಕಟ್ಟಿಕೊಟ್ಟ ಪುಳಿಯೋಗರೆ. ಅವನ ಮಗಳು ಹೆರಿಗೆಯಾದ ಮೇಲೆ ಮೊದಲ ಸಲ ಕೂಸಿನೊಂದಿಗೆ ತವರಿಗೆ ಬರುತ್ತಿದ್ದಳು.

"ಮೊರಪ್ಪೂರು ಸ್ಟೇಷನ್ಗೆ ಓಗ್ಬೇಕು ಕಣವ್ವ. ಕೊಳಂದೆ ಎತ್ಕೊಂಡು ಒಬ್ಳೇ ಇಳೀತಾಳೆ. ನೀನು ಎಷ್ಟೊತ್ತಿಗೆ ಒಂಟೀಯ?" ಎಂದು ಕೇಳಿದ.

"ಈಗ್ಲೇ ಓಗ್ಬಿಡ್ತೀನಿ ಮಾದಣ್ಣ. ಲೈನೇ ಇಲ್ದಿದ್ರೆ ನಾನಾದ್ರೂ ಏನ್ ಮಾಡ್ಲಿ" ಎಂದೆ.

"ಸರಿ ಓಗವ್ವ. ನಾನು ಎಲ್ಲಾ ಬಾಗ್ಲು ಆಕ್ಕೊಂಡು ಓಯ್ತೀನಿ. ಇನ್ನು ಮಂಗ್ಳವಾರಾನೇ."

ಹೊರಡುವ ಮನಸ್ಸೇ ಇತ್ತು. ಕೈ ತೊಳೆದು, ಚೀಲ ತರಲು ಒಳಗೆ ಹೋದವಳು, ಕೊನೆಯದಾಗಿ ಒಂದು ಸಲ ನೋಡೋಣ ಎಂದು ಮೇಜಿನ ಕೆಳಗೆ ನುಗ್ಗಿ ಮೋಡೆಮ್ಮಿನ ತಂತಿಯನ್ನು ಬಿಚ್ಚಿ ಜೋಡಿಸತೊಡಗಿದೆ. ಟ್ಯೂಬ್‌ಲೈಟು ಕೆಟ್ಟು ವಾರವಾಗಿತ್ತು, ಮಾನಿಟರಿನ ಬೆಳಕೇ ಗತಿ. ಎಂದಿನಂತೆ ಚಪ್ಪಲಿಯನ್ನು ಹೊರಗೆ ಬಿಟ್ಟಿದ್ದರೆ ಮಾದಣ್ಣ ನೋಡುತ್ತಿದ್ದ. ಅಂದು ಚೀಲ ತೆಗೆದುಕೊಂಡು ಕೂಡಲೇ ಹೊರಡುವವಳೆಂದು ಮೆಟ್ಟಿಕೊಂಡೇ ಒಳಗೆ ಹೋಗಿದ್ದೆ.

ಧಪ್ ಎಂಬ ಸದ್ದಾಯಿತು. ಸದ್ದಿಗಿಂತ ಮೊದಲು ಕಿವಿ ಗಪ್ಪನೆ ಕಟ್ಟಿಕೊಂಡಿತು. ತಲೆಯೆತ್ತಿ ನೋಡಿದರೆ ಬಾಗಿಲ ಸಂದಿಯ ಬಿಸಿಲಿನ ಗೆರೆ ಇರಲಿಲ್ಲ. ಮಾದಣ್ಣ ಇಟ್ಟಿಗೆ ಸರಿಸಿ ಬಾಗಿಲು ಹಾಕಿದ್ದ.

ಓಡಿ ಹೋಗಿ ಬಾಗಿಲು ಬಡಿದೆ. "ಮಾದಣ್ಣಾ!" ಎಂದು ಕೂಗಿದೆ. ನನ್ನ ದನಿ ಹತ್ತಿಮೂಟೆಯೊಳಗೆ ಹೊಕ್ಕಂತೆ ಅಲ್ಲೇ ಸತ್ತಿತು. ಮುಷ್ಟಿ ನೋಯುವವರೆಗೆ ಬಡಿದೆ, ಕುರ್ಚಿ ಎತ್ತಿ ಬಡಿದೆ. ತಗಡು ನೆಗ್ಗಿತು, ಬಾಗಿಲು ಅಲುಗಲಿಲ್ಲ. ಮುರಿದ ತಳ್ಳುಗೋಲಿನ ತೂತಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದೆ. ಅದು ಬಾಗಿತು.

ಆಮೇಲೆ ಕೂತು ಯೋಚಿಸಿದಾಗ ನಿಜವಾದ ಭಯ ಹತ್ತಿತು. ಮಾದಣ್ಣ ಗೇಟಿಗೆ ಬೀಗ ಹಾಕಿ ಮೊರಪ್ಪೂರಿನ ದಾರಿ ಹಿಡಿದಿರುತ್ತಾನೆ. ಅವನ ಲೆಕ್ಕದಲ್ಲಿ ನಾನು ಮಾರಂಡಹಳ್ಳಿಯ ಬಸ್ಸಿನಲ್ಲಿ. ನಮ್ಮ ಮನೆಯವರ ಲೆಕ್ಕದಲ್ಲಿ ನಾನು ಚಿಕ್ಕಮ್ಮನ ಮನೆಯಲ್ಲಿ. ಚಿಕ್ಕಮ್ಮನ ಲೆಕ್ಕದಲ್ಲಿ ಸೇಲಂನಲ್ಲಿ. ರಾತ್ರಿ ಕಾವಲಿಗೆ ಬರುವವನು ಗೇಟಿನ ಬಳಿಯೇ ಮಲಗುವವನು. ಮಂಗಳವಾರದವರೆಗೆ ನನ್ನನ್ನು ಹುಡುಕಬೇಕು ಎಂದು ಯಾರಿಗೂ ಅನ್ನಿಸುವುದಿಲ್ಲ. ನೀರಿನ ಬಾಟಲಿ ಹುಣಸೆಮರದ ಕೆಳಗೇ ಉಳಿದಿತ್ತು. ಗಾಳಿ ಎಷ್ಟು ಹೊತ್ತಿಗೆ ಸಾಕಾಗುತ್ತದೋ ತಿಳಿಯದು.

ಕರೆಂಟು ಹೋಯಿತು. ಯುಪಿಎಸ್ ಕೀಂಕ್ ಕೀಂಕ್ ಎನ್ನತೊಡಗಿತು. ಬ್ಯಾಟರಿ ಮುಗಿಯುವ ಮುಂಚೆ ಏನಾದರೂ ಮಾಡಬೇಕು. ಮೋಡೆಮ್ಮಿನಿಂದ ಸೇಲಂ ನಂಬರಿಗೆ ಡಯಲ್ ಮಾಡಿಸಿದೆ. ಡಯಲ್ ಟೋನ್ ಇಲ್ಲ ಎಂದು ಪರದೆಯ ಮೇಲೆ ಬಂತು. ಮತ್ತೆ ಮಾಡಿಸಿದೆ, ಮತ್ತೆ ಅದೇ. ಎಷ್ಟು ಸಲವೋ. ಕೊನೆಗೆ, ಯಾವಾಗ ಲೈನು ಬಂದರೂ ತಾನಾಗಿಯೇ ಹೋಗಲಿ ಎಂದು ರಾಮಲಿಂಗಣ್ಣನಿಗೆ ಒಂದು ಮೇಲ್ ಬರೆದೆ. ಯುಪಿಎಸ್ ಸತ್ತರೆ ಕಂಪ್ಯೂಟರೂ ಸಾಯುತ್ತದೆ, ಹೋಗುವುದಾದರೂ ಹೇಗೆ ಎಂಬುದು ಆಗ ಹೊಳೆಯಲಿಲ್ಲ. ಆಫೀಸಿನ ಮೇಲ್ ಇಂಗ್ಲಿಷಿನಲ್ಲೇ ಇರಬೇಕೆಂದು ಮುದಲಾಳಿಯ ಕಟ್ಟಪ್ಪಣೆ. ಆದರೆ ಆ ಗಳಿಗೆಯಲ್ಲಿ ಇಂಗ್ಲಿಷೂ ಬರಲಿಲ್ಲ, ತಮಿಳೂ ಬರಲಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಮನೆಯ ಮಾತನ್ನೇ ಕುಟ್ಟಿದೆ. 'ಅಣ್ಣಾ ಬಾಗ್ಲು ತೆಗೀರಿ, ನಾನ್ ಒಳ್ಗೆ ಇದೀನಿ.' ಆತುರದಲ್ಲಿ 'ಬಾಗ್ಲು' ಎಂಬಲ್ಲಿ ಒಂದು ಅಕ್ಷರ ಬಿಟ್ಟು ಹೋಯಿತು. ತಿದ್ದಲಿಲ್ಲ. ಮೇಲ್ ಸಾಲಿನಲ್ಲಿ ಹೋಗಿ ನಿಂತಿತು. ಪರದೆಯ ಮೇಲೆ ಅದೊಂದೇ ಕಾಯುತ್ತಿತ್ತು.

ಸ್ವಲ್ಪ ಹೊತ್ತಿಗೆ ಯುಪಿಎಸ್ ಉದ್ದಕ್ಕೆ ಒಮ್ಮೆ ಕೂಗಿ ನಿಂತಿತು. ಪರದೆ ಆರಿತು. ಫ್ಯಾನಿನ ಗುಂಯ್ ಶಬ್ದವೂ ನಿಂತಿತು.

ಅಂಥ ಕತ್ತಲೆಯನ್ನು ನಾನು ಮತ್ತೆಂದೂ ನೋಡಿಲ್ಲ. ಹೊರಗೆ ಸುಡುವ ಬಿಸಿಲಿದೆ ಎಂದು ಗೊತ್ತು, ಆದರೂ ಕಣ್ಣು ತೆರೆದದ್ದೂ ಮುಚ್ಚಿದ್ದೂ ಒಂದೇ. ಬಾಗಿಲಿನ ಬುಡದಲ್ಲಿ ರಬ್ಬರಿಗೆ ಮೂಗು ಒತ್ತಿ ಮಲಗಿ, ಎಲ್ಲಾದರೂ ಒಂದೆಳೆ ಗಾಳಿ ಸಿಕ್ಕೀತೇ ಎಂದು ನೋಡಿದೆ. ಗಾಳಿ ಕಡಿಮೆಯಾಗಿತ್ತೋ, ಭಯಕ್ಕೇ ಎದೆ ಬಿಗಿದಿತ್ತೋ ಹೇಳಲಾರೆ. ಸೆಕೆಯಲ್ಲಿ ಸೀರೆ ಮೈಗೆ ಅಂಟಿತು. ಸ್ವಲ್ಪ ಹೊತ್ತು ಅತ್ತುಬಿಟ್ಟೆ. ಕೂಗಿದರೆ ಗಾಳಿ ಖರ್ಚಾಗುತ್ತದೆ ಎಂದು ಸುಮ್ಮನಾದೆ. ನನ್ನ ಉಸಿರಿನ ಸದ್ದು ಇನ್ಯಾರದೋ ಎಂಬ ಹಾಗೆ ಪಕ್ಕದಿಂದ ಕೇಳಿಸುತ್ತಿತ್ತು. ಮೊಣಕಾಲು ಅಪ್ಪಿಕೊಂಡು, ಮಂಗಳವಾರ ಈ ಬಾಗಿಲು ತೆರೆದವರು ಏನು ನೋಡುತ್ತಾರೆ ಎಂದು ಯೋಚಿಸದಿರಲು ಹೆಣಗುತ್ತ ಕೂತಿದ್ದೆ.

ಆಗ ಹಿಡಿ ತಿರುಗಿದ ಸದ್ದಾಯಿತು.

ಬಾಗಿಲು ತೆರೆದು ಬೆಳಕು ಮುಖಕ್ಕೆ ಬಡಿಯಿತು. ಬೆಳಕಿನ ನಡುವೆ ರಾಮಲಿಂಗಣ್ಣ ನಿಂತಿದ್ದರು. ಗೋಡೆ ಹಾರಿ ಬಂದಿದ್ದರು. ಪಂಚೆ ಮೊಳಕಾಲಿನವರೆಗೆ ಹರಿದಿತ್ತು, ಅಂಗೈಯಲ್ಲಿ ರಕ್ತ.

"ಅಮ್ಮಣೀ! ಉಸುರು ಐತಾ? ಅಯ್ಯೋ ಕಡವುಳೇ, ಬಾ ಬಾ, ಈಚೆ ಬಾ" ಎಂದು ರಟ್ಟೆ ಹಿಡಿದು ಜಗಲಿಗೆ ಎಳೆದುಕೊಂಡು ಬಂದರು. ನಲ್ಲಿಯಿಂದ ಬೊಗಸೆಯಲ್ಲಿ ನೀರು ತಂದು ಕುಡಿಸಿದರು. ನಾನು ಅಳುತ್ತಲೇ ಇದ್ದೆ. ಅವರೂ ಕಣ್ಣೊರೆಸಿಕೊಂಡರು.

"ಬೆಳಿಗ್ಗೆಯಿಂದ ಒಳಗೇ ಇದ್ದೀಯಲ್ಲ ತಾಯಿ. ಒಂದ್ ತೊಟ್ಟು ನೀರಿಲ್ದೆ ಎಂಗಿದ್ದೆ?"

"ಬೆಳಿಗ್ಗೆಯಿಂದ ಅಲ್ಲ ಅಣ್ಣಾ. ಊಟ ಆದ್ಮೇಲೆ ಮಾದಣ್ಣ ಗೊತ್ತಿಲ್ದೆ ಬಾಗ್ಲು ಆಕ್ಬಿಟ್ಟ."

ಅವರು ನನ್ನ ಮುಖವನ್ನೇ ನೋಡಿದರು. "ಊಟ ಆದ್ಮೇಲಾ? ನಾನು ಬಸ್ ಅತ್ತಿದ್ದು ಅನ್ನೊಂದು ಗಂಟೆಗೆ ಅಲ್ವಾ?"

ಗಾಬರಿಯಲ್ಲಿ ಅವರಿಗೆ ಭ್ರಮೆಯಾಗಿದೆ ಎಂದುಕೊಂಡೆ. ಅವರು ನಿಧಾನವಾಗಿ, ಒಂದೊಂದಾಗಿ ಹೇಳಿದರು. ಹತ್ತೂವರೆಯ ಸುಮಾರಿಗೆ ಕಂಪ್ಯೂಟರ್ ತೆರೆದರಂತೆ. ನನ್ನ ಮೂರು ಮೇಲ್ ಬಂದಿದ್ದವು. ಎರಡು ಟೆಸ್ಟು. ಮೂರನೆಯದು ಏನೆಂದು ಮೊದಲು ತಿಳಿಯಲಿಲ್ಲ. ಇಂಗ್ಲಿಷಿನ ಹಾಗೆ ಓದಿದರೆ ಅರ್ಥವಾಗಲಿಲ್ಲ. ಅಕ್ಷರ ಅಕ್ಷರ ಕೂಡಿಸಿ ಬಾಯಿಬಿಟ್ಟು ಓದಿದಾಗ ಕನ್ನಡ ಎಂದು ಹೊಳೆಯಿತು. ಫ್ಯಾಕ್ಟರಿಗೆ ಫೋನ್ ಮಾಡಿದರೆ ಲೈನಿಲ್ಲ. ಮುದಲಾಳಿಗೆ ಪರದೆ ತೋರಿಸಿ, ಅರ್ಥ ಹೇಳಿ, ಅಪ್ಪಣೆ ಪಡೆದು ಹಾಗೇ ಬಸ್‌ಸ್ಟ್ಯಾಂಡಿಗೆ ಓಡಿದ್ದರು.

ಏನು ಬರೆದಿತ್ತು ಎಂದು ಕೇಳಿದೆ. ಹೇಳಿದರು. 'ಅಣ್ಣಾ ಬಾಗ್ಲು ತೆಗೀರಿ, ನಾನ್ ಒಳ್ಗೆ ಇದೀನಿ.'

"ಬಾಗ್ಲು ಅನ್ನೋದ್ರಲ್ಲಿ ಒಂದು ಅಕ್ಷರ ಇರ್ಲಿಲ್ಲ. ಅದಕ್ಕೇ ನಂಗೆ ತಡ ಆಯ್ತು" ಎಂದರು.

ಮಾದಣ್ಣನ ಜೊತೆ ಹುಣಸೆಮರದ ಕೆಳಗೆ ಕೂತು, ಅವನ ಮೊಮ್ಮಗುವಿನ ಸುದ್ದಿ ಕೇಳುತ್ತ, ನಾನು ಆರಾಮವಾಗಿ ಪುಳಿಯೋಗರೆ ತಿನ್ನುತ್ತಿದ್ದಾಗ, ನನ್ನನ್ನು ಬಿಡಿಸಲು ಹೊರಟ ಮನುಷ್ಯ ಧರ್ಮಪುರಿಗೆ ಮುಂಚೆ ಸಿಗುವ ತೊಪ್ಪೂರು ಘಾಟಿಯನ್ನು ಆಗಲೇ ದಾಟಿ ಬಂದಿದ್ದರು. ನಾನು ಊಟ ಮಾಡಿದ್ದಕ್ಕೆ ಮಾದಣ್ಣ ಸಾಕ್ಷಿ. ಅವರು ಹನ್ನೊಂದಕ್ಕೆ ಆಫೀಸು ಬಿಟ್ಟದ್ದಕ್ಕೆ ಮುದಲಾಳಿ ಸಾಕ್ಷಿ. ಸೇಲಂನಿಂದ ಕಾರಿಮಂಗಲಕ್ಕೆ ಧರ್ಮಪುರಿಯಲ್ಲಿ ಬಸ್ಸು ಬದಲಿಸಿ ಬರಬೇಕು. ಬಾಗಿಲು ಮುಚ್ಚಿದ ಮೇಲೆ ಹೊರಟಿದ್ದರೆ ಎಷ್ಟೇ ಓಡೋಡಿ ಬಂದರೂ ಮಧ್ಯಾಹ್ನ ಮೂರರೊಳಗೆ ತಲುಪಲು ಸಾಧ್ಯವೇ ಇರಲಿಲ್ಲ. ಗಡಿಯಾರ ತಪ್ಪಿರಬಹುದು, ಕಂಪ್ಯೂಟರು ತಪ್ಪಿರಬಹುದು. ಆದರೆ ರಾಮಲಿಂಗಣ್ಣ ಹರಿದ ಪಂಚೆಯಲ್ಲಿ ನನ್ನ ಮುಂದೆ ಕೂತಿದ್ದರು.

ಮಂಗಳವಾರ ಸುದ್ದಿ ತಿಳಿದ ಮಾದಣ್ಣ ತಲೆ ಚಚ್ಚಿಕೊಂಡು ಅತ್ತ. ಮುದಲಾಳಿ ಆ ಬಾಗಿಲನ್ನೇ ಕೀಳಿಸಿ ಹಾಕಿದರು. ಆಮೇಲೆ ಲೈನ್‌ಮನ್ ಬಂದು ಕಡಿದ ಕೇಬಲ್ ಜೋಡಿಸಿದ. ಶನಿವಾರ ಬೆಳಿಗ್ಗೆ ಹತ್ತು ದಾಟಿದ ಮೇಲೆ ಕಡಿದದ್ದು, ಅಲ್ಲಿಂದ ಅದು ಸತ್ತೇ ಇತ್ತು ಎಂದ. ನಾನು ಬಾಗಿಲಿಲ್ಲದ ಆ ಕೋಣೆಯಲ್ಲಿ ಕೂತು ಕಂಪ್ಯೂಟರ್ ಹಾಕಿದೆ. ಬೆಳಿಗ್ಗೆ ಹೋದದ್ದು ಎರಡೇ ಮೇಲ್ ಎಂದು ಅದರಲ್ಲಿತ್ತು. ಕತ್ತಲಾಗುವ ಮುಂಚೆ ನಾನು ಬರೆದದ್ದು, ಅದೇ ಬಿಟ್ಟುಹೋದ ಅಕ್ಷರದೊಂದಿಗೆ, ಇನ್ನೂ ಸಾಲಿನಲ್ಲೇ ಕಾಯುತ್ತಿತ್ತು.

ಇನ್ನು ಅದರ ಅಗತ್ಯವಿಲ್ಲವಲ್ಲ, ಅಳಿಸಿಬಿಡೋಣ ಎಂದು ಆಜ್ಞೆಯನ್ನು ಟೈಪ್ ಮಾಡಿದೆ. ಎಂಟರ್ ಒತ್ತುವುದಷ್ಟೇ ಬಾಕಿ. ಬೆರಳು ಮುಂದೆ ಹೋಗಲಿಲ್ಲ. ಹಿಂದಿನಿಂದ ಬಿಸಿಲು ಬೀಳುತ್ತಿತ್ತು, ಗಾಳಿ ಆಡುತ್ತಿತ್ತು. ಆದರೂ ಶನಿವಾರದ ಆ ಕತ್ತಲೆ ಮತ್ತೆ ಸುತ್ತ ಕವಿದುಕೊಂಡ ಹಾಗಾಯಿತು. ಈಗ ಇದನ್ನು ಅಳಿಸಿದರೆ ನಾನು ಇನ್ನೂ ಒಳಗೇ ಉಳಿದುಬಿಡುತ್ತೇನೆ ಅನ್ನಿಸಿತು. ನಗಬೇಡಿ. ಎದ್ದು ಹೋಗಿ ರಾಮಲಿಂಗಣ್ಣನಿಗೆ ಫೋನ್ ಮಾಡಿದೆ.

"ಅಳಿಸ್ಬ್ಯಾಡ ಅಮ್ಮಣಿ. ನಾನು ಅದ್ನ ನೋಡೇ ಅಲ್ವಾ ಬಂದಿದ್ದು? ಕಳಿಸ್ಬುಡು" ಎಂದರು.

ಕಳಿಸಿದೆ. ಮೋಡೆಮ್ ಕಿರುಚಿ ಸುಮ್ಮನಾಯಿತು. ಸಾಲು ಖಾಲಿ. ಹೋಗಿದೆ ಎಂದು ಕಂಪ್ಯೂಟರ್ ಹೇಳಿತು. ಮತ್ತೆ ಫೋನ್ ಮಾಡಿ, "ಬಂತಾ ಅಣ್ಣಾ?" ಎಂದೆ.

"ಇಲ್ಲವ್ವ. ಅದೇ ಶನಿವಾರದ್ದು ಮೂರೇ ಇರಾದು."

ಅದು ಬರಲೇ ಇಲ್ಲ. ಅಂದೂ ಇಲ್ಲ, ಮಾರನೆಯ ದಿನವೂ ಇಲ್ಲ. ಅದರ ನಂತರ ಕಳಿಸಿದ ಟೆಸ್ಟ್ ಮೇಲ್‌ಗಳೆಲ್ಲ ತಪ್ಪದೆ ಸೇರಿದವು.

ಆಮೇಲೆ ಬೇರೆ ಬೇರೆ ಊರುಗಳಲ್ಲಿ ಇದಕ್ಕಿಂತ ಎಷ್ಟೋ ದೊಡ್ಡ ಮೇಲ್ ಸರ್ವರ್‌ಗಳನ್ನು ನೋಡಿಕೊಂಡಿದ್ದೇನೆ. ತಿಳಿದವರನ್ನು ಕೇಳಿದ್ದೇನೆ. ಯಾರೋ ಕುಚೇಷ್ಟೆ ಮಾಡಿದ್ದಾರೆ ಎಂದರು. ಆಫೀಸಿನಲ್ಲಿ ಕನ್ನಡ ಬಲ್ಲವರು ಇಬ್ಬರೇ, ಅದರಲ್ಲೊಬ್ಬಳು ನಾನು. ಗುಮಾಸ್ತರು ಕತೆ ಕಟ್ಟಿದ್ದಾರೆ ಎಂದರು. ಕಟ್ಟಿದರೂ, ಬಾಗಿಲು ಮುಚ್ಚುವುದು ಅವರಿಗೆ ಹೇಗೆ ತಿಳಿಯಬೇಕು? ಅಲ್ಲಿಗೆ ಎಲ್ಲರೂ ಮಾತು ಬದಲಿಸುತ್ತಾರೆ.

ಹೋದ ವರ್ಷ ಸೇಲಂಗೆ ಹೋದಾಗ ರಾಮಲಿಂಗಣ್ಣನ ಮನೆಗೆ ಹೋಗಿದ್ದೆ. ತುಂಬ ಮುದುಕರಾಗಿದ್ದಾರೆ. ಕಿವಿ ಮಂದ, ಕಣ್ಣು ಚುರುಕು. ಮಾತಿನ ನಡುವೆ ನಾನು ವರ್ಷಗಳಿಂದ ಮನಸ್ಸಿನಲ್ಲಿದ್ದ ಪ್ರಶ್ನೆ ಕೇಳಿದೆ. "ಅಣ್ಣಾ, ಆವತ್ತು ನೀವು ಇನ್ನೂ ಬೇಗ ಬಂದು, ನಾನು ಆರಾಮಾಗಿ ಮರದ ಕೆಳಗೆ ಊಟ ಮಾಡ್ತಾ ಕೂತಿದ್ರೆ ಏನ್ ಮಾಡ್ತಿದ್ರಿ?"

"ಏನ್ ಮಾಡೋದು? ನಾಲ್ಕು ಬೈದು, ನಿನ್ ಪುಳಿಯೋಗರೇಲಿ ಒಂದ್ ತುತ್ತು ತಿಂದು ವಾಪಸ್ ಓಗ್ತಿದ್ದೆ" ಎಂದು ನಕ್ಕರು.

ನಾನೂ ನಕ್ಕೆ. ಆದರೆ ಅವರು ಬೇಗ ಬಂದುಬಿಟ್ಟಿದ್ದರೆ ನಾನು ಅವರ ಜೊತೆಯಲ್ಲೇ ಹೊರಟುಬಿಡುತ್ತಿದ್ದೆ, ಆ ಕೋಣೆಗೆ ಮತ್ತೆ ಹೋಗುತ್ತಿರಲಿಲ್ಲ, ಆ ಸಾಲನ್ನು ಬರೆಯುತ್ತಲೂ ಇರಲಿಲ್ಲ. ಹಾಗಾದರೆ ಅವರು ಯಾವುದನ್ನು ಓದಿ ಬರುತ್ತಿದ್ದರು? ಅದನ್ನು ಅವರಿಗೆ ಹೇಳಲು ಹೊರಟೆ. ಅವರು ಕಿವಿಗೆ ಕೈ ಒಡ್ಡಿ, "ಏನಂದೆ ಅಮ್ಮಣಿ?" ಎಂದು ಮುಂದಕ್ಕೆ ಬಾಗಿದರು. ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ, "ಏನಿಲ್ಲ ಅಣ್ಣಾ" ಎಂದುಬಿಟ್ಟೆ.